ದುಬಾರಿ ಕ್ರೂಸ್ ಬುಕ್ ಮಾಡುವ ಮುಂಚೆ ಡೆಕ್ ಪ್ಲ್ಯಾನ್ ನೋಡಿ

ಐಷಾರಾಮಿ ಕ್ರೂಸ್‌ಗೆ ದುಡ್ಡು ಸುರಿದು, ಆಮೇಲೆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಒದ್ದಾಡುವವರನ್ನು ತುಂಬ ನೋಡಿದ್ದೇನೆ. ಹೆಚ್ಚಿನವರು ಹಡಗಿನ ಫೋಟೊ ನೋಡಿ ಬುಕ್ ಮಾಡಿದವರು, ಡೆಕ್ ಪ್ಲ್ಯಾನ್ (ಹಡಗಿನ ಪ್ರತಿ ಅಂತಸ್ತಿನ ನಕ್ಷೆ) ನೋಡಿದವರಲ್ಲ.

1. ಮೊದಲು ದಾರಿ ಗಟ್ಟಿ ಮಾಡಿಕೊಳ್ಳಿ. ಅಲಾಸ್ಕ ಅಂದರೆ ಮೇಯಿಂದ ಸೆಪ್ಟೆಂಬರ್, ಅಂಟಾರ್ಕ್ಟಿಕಾ ಅಂದರೆ ನವೆಂಬರ್‌ನಿಂದ ಮಾರ್ಚ್. ಪ್ರತಿ ಬಂದರಿನಲ್ಲೂ ಎಷ್ಟು ಗಂಟೆ ನಿಲ್ಲುತ್ತದೆ ಅಂತ ನೋಡಿ. ಪಟ್ಟಿಯಲ್ಲಿ ರೋಮ್ ಅಂತ ಇದ್ದರೂ ಹಡಗು ನಿಲ್ಲುವುದು ಚಿವಿಟವೆಕ್ಯಾ ಅನ್ನುವ ಬಂದರಿನಲ್ಲಿ. ಅಲ್ಲಿಂದ ರೋಮ್‌ಗೆ ಹೋಗಿ ಬರುವುದಕ್ಕೇ ಎರಡು ಮೂರು ಗಂಟೆ ಬೇಕು.

2. ಹಡಗಿನಲ್ಲಿ ಎಷ್ಟು ಜಾಗ ಇದೆ ಅಂತ ಲೆಕ್ಕ ಹಾಕಿ. ಗ್ರಾಸ್ ಟನೇಜ್ ಅನ್ನುವುದು ತೂಕವಲ್ಲ, ಒಳಗಿನ ಜಾಗದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ, ತಲೆಗೆ ಎಷ್ಟು ಜಾಗ ಅಂತ ಗೊತ್ತಾಗುತ್ತದೆ. 'ಐಕಾನ್ ಆಫ್ ದಿ ಸೀಸ್' ಅನ್ನುವ ಹಡಗು 2,48,663 ಟನೇಜ್, ಕ್ಯಾಬಿನ್‌ಗೆ ಇಬ್ಬರಂತೆ 5,610 ಜನ: 44 ಬರುತ್ತದೆ. 'ಸೆವೆನ್ ಸೀಸ್ ಎಕ್ಸ್‌ಪ್ಲೋರರ್' ಸುಮಾರು 55,000 ಟನೇಜ್, ಸುಮಾರು 750 ಜನ: 70 ದಾಟುತ್ತದೆ. ಐಷಾರಾಮಿ ಅಂತ ದುಡ್ಡು ಕೊಡುವುದಾದರೆ 60ಕ್ಕಿಂತ ಕಡಿಮೆ ಇರುವುದನ್ನು ನಾನಂತೂ ಒಪ್ಪುವುದಿಲ್ಲ. ಅಂಟಾರ್ಕ್ಟಿಕಾಗೆ ಹೋಗುವವರು ಇನ್ನೂ ಚಿಕ್ಕ ಹಡಗು ನೋಡಿ. 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಿನಿಂದ ಅಲ್ಲಿ ಯಾರನ್ನೂ ದಡಕ್ಕೆ ಇಳಿಸುವುದಿಲ್ಲ, ದೂರದಿಂದ ನೋಡಿಕೊಂಡು ಬರಬೇಕಷ್ಟೇ.

3. ಕ್ಯಾಬಿನ್. ಎಲ್ಲರೂ ಎಡವುವುದು ಇಲ್ಲೇ. ಅತಿ ಮೇಲಿನ ಡೆಕ್‌ನ ಮುಂಭಾಗದ ಸೂಟ್‌ಗೆ (ದೊಡ್ಡ ಕ್ಯಾಬಿನ್‌ಗೆ) ರೇಟು ಜಾಸ್ತಿ ಇರುತ್ತದೆ, ಆದರೆ ಅಲೆ ಎದ್ದಾಗ ಜಾಸ್ತಿ ತೂಗಾಡುವುದೂ ಅದೇ. ವಾಂತಿ, ತಲೆಸುತ್ತು ಬರುವವರು ನಡು ಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ ತೆಗೆದುಕೊಳ್ಳಿ. ಡೆಕ್ ಪ್ಲ್ಯಾನ್ ತೆರೆದು ನಿಮ್ಮ ಕ್ಯಾಬಿನ್ನಿನ ಸರಿ ಮೇಲೆ ಏನಿದೆ, ಸರಿ ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳ ಇದ್ದರೆ ಬೆಳಕು ಹರಿಯುವ ಮುಂಚೆಯೇ ಕುರ್ಚಿ ಎಳೆದಾಡುವ ಕರಕರ ಶಬ್ದ ಶುರು, ಅಡುಗೆಮನೆ ಇದ್ದರೆ ಟ್ರಾಲಿ ಉರುಳುವ ಸದ್ದು, ಕೆಳಗೆ ಥಿಯೇಟರ್ ಇದ್ದರೆ ಮಧ್ಯರಾತ್ರಿವರೆಗೂ ಧಡಧಡ. ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇರುವ ಜಾಗವೇ ಒಳ್ಳೆಯದು. ಪ್ಲ್ಯಾನಿನಲ್ಲಿ ಏನೂ ಬರೆಯದೆ ಖಾಲಿ ಬಿಟ್ಟ ಜಾಗವನ್ನು ನಂಬಬೇಡಿ, ಅದು ಸಿಬ್ಬಂದಿ ಓಡಾಡುವ ಜಾಗವೋ ಸ್ಟೋರೋ ಆಗಿರಬಹುದು. ಪಕ್ಕದ ಕ್ಯಾಬಿನ್ನಿಗೆ ಬಾಗಿಲಿರುವುದು ಬೇಡ, ಮಾತೆಲ್ಲ ಕೇಳಿಸುತ್ತದೆ. ಕಿಟಕಿಗೆ ಲೈಫ್‌ಬೋಟ್ ಅಡ್ಡ ಬರುತ್ತದಾ ಅಂತಲೂ ಕೇಳಿ. 'ಗ್ಯಾರಂಟಿ ಕ್ಯಾಬಿನ್' ಅಂತ ಅಗ್ಗಕ್ಕೆ ಕೊಡುತ್ತಾರಲ್ಲ, ಅದರಲ್ಲಿ ಜಾಗ ಆರಿಸುವುದು ಕಂಪನಿ, ನೀವಲ್ಲ. ಇಷ್ಟೆಲ್ಲ ನೋಡುವವರಿಗೆ ಅದು ಬೇಡವೇ ಬೇಡ.

4. ಟಿಕೆಟ್ಟಿನಲ್ಲಿ ಏನೇನು ಸೇರಿದೆ ಬರೆದುಕೊಳ್ಳಿ: ಡ್ರಿಂಕ್ಸ್, ಟಿಪ್ಸ್, ವೈಫೈ, ದಡದ ಸುತ್ತಾಟ. ಸೇರದಿದ್ದನ್ನು ಕೂಡಿಸಿ, ಒಟ್ಟನ್ನು ರಾತ್ರಿಗಳಿಂದ ಭಾಗಿಸಿ, ಆಮೇಲೆ ಹೋಲಿಸಿ. ಅಗ್ಗ ಅಂತ ಕಂಡಿದ್ದು ಎಷ್ಟೋ ಸಲ ಇಲ್ಲಿ ದುಬಾರಿಯಾಗುತ್ತದೆ. ಒಬ್ಬರೇ ಹೋಗುವವರಿಗೆ ಕೆಲವು ಕಡೆ ಇಬ್ಬರ ದುಡ್ಡೇ ಬೀಳುತ್ತದೆ, ಮೊದಲೇ ಕೇಳಿ. ಡ್ರಿಂಕ್ಸ್ ಪ್ಯಾಕೇಜನ್ನು ಸುಮ್ನೆ ಕೊಳ್ಳಬೇಡಿ, ದಿನಕ್ಕೆ ಎರಡು ಗ್ಲಾಸ್ ಕುಡಿಯುವವರಿಗೆ ಅದು ಗಿಟ್ಟುವುದಿಲ್ಲ.

5. ವೀಸಾ, ಪಾಸ್‌ಪೋರ್ಟ್, ಇನ್ಶೂರೆನ್ಸ್. ದಾರಿಯಲ್ಲಿ ಒಂದು ದೇಶ ಬಿಟ್ಟು ಮತ್ತೆ ಅದಕ್ಕೇ ಬರುವುದಿದ್ದರೆ ಮಲ್ಟಿಪಲ್ ಎಂಟ್ರಿ ವೀಸಾ ಬೇಕಾಗಬಹುದು. ಇನ್ಶೂರೆನ್ಸ್‌ನಲ್ಲಿ ಸಮುದ್ರದ ಮಧ್ಯದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಲೇಬೇಕು. ವಿಮಾನದ ಟಿಕೆಟ್ಟನ್ನು ಹಡಗು ಹೊರಡುವ ಹಿಂದಿನ ದಿನಕ್ಕೇ ಮಾಡಿ, ತಡವಾಗಿ ಬಂದವರಿಗಾಗಿ ಹಡಗು ಕಾಯುವುದಿಲ್ಲ.