ವೇಗ ಏರಿಸಲು ಹೋಗಿ ವೋಲ್ಟೇಜ್ ಇಳಿಸಿದ್ದು

ತುಮಕೂರಿನಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ನನ್ನ ಕಸುಬು. ಮಹಡಿಯ ಮೇಲಿನ ಕೋಣೆಗೆ ತಾರಸಿಯ ಕಾವು ನೇರವಾಗಿ ಇಳಿಯುವುದರಿಂದ ಏಪ್ರಿಲ್ ಮಧ್ಯಾಹ್ನಗಳಲ್ಲಿ ಒಳಗೆ 35 ಡಿಗ್ರಿಗೆ ಕಡಿಮೆಯಿರುವುದಿಲ್ಲ. ಕಂಪ್ಯೂಟರಿನಲ್ಲಿರುವ ಪ್ರೊಸೆಸರ್ ಎಎಂಡಿ ರೈಜೆನ್ 5 5600ಎಕ್ಸ್; ಅದರೊಳಗೆ ಕೆಲಸ ಮಾಡುವ ಆರು ಘಟಕಗಳು, ಅಂದರೆ ಕೋರ್‌ಗಳು, ಇವೆ. ಮೂಲ ವೇಗ 3.7, ಬೂಸ್ಟ್ ವೇಗ 4.6 ಗಿಗಾಹರ್ಟ್ಸ್. ಆದರೆ ಆ 4.6 ಒಂದೆರಡು ಕೋರ್‌ಗಳಷ್ಟೇ ದುಡಿಯುವಾಗ ಸಿಗುವ ಅಂಕಿ. ಆರೂ ಕೋರ್‌ಗಳನ್ನು ಬೇಡುವ ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವ ಕೆಲಸ) ಹೊತ್ತಿನಲ್ಲಿ ಪ್ರೊಸೆಸರ್ ತನ್ನ 76 ವ್ಯಾಟ್ ಮಿತಿಗೆ ಸಿಲುಕಿ 4.2ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಉಷ್ಣತೆ 88 ತೋರಿಸುತ್ತಿತ್ತು, ಜೊತೆಗೆ ಬಂದ ಚಿಕ್ಕ ಕೂಲರ್ ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು.

ಮೊದಲು ಹೊಳೆದದ್ದು ಮಿತಿಯನ್ನೇ ಸಡಿಲಿಸುವ ದಾರಿ. ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ವಿಭಾಗಕ್ಕೆ ಹೋಗಿ, ವಾರಂಟಿ ಕುರಿತ ಎಚ್ಚರಿಕೆಯನ್ನು ಒಪ್ಪಿಕೊಂಡು, ಮಿತಿಗಳನ್ನು ಮದರ್‌ಬೋರ್ಡಿಗೆ ಬಿಟ್ಟು, ಬೂಸ್ಟ್ ವೇಗಕ್ಕೆ 200 ಮೆಗಾಹರ್ಟ್ಸ್ ಸೇರಿಸಿದೆ. ಪ್ರೊಸೆಸರ್ 90 ವ್ಯಾಟ್ ದಾಟಿತು, ಉಷ್ಣತೆ ಅದರ ಮೇರೆಯಾದ 95ಕ್ಕೆ ಹೋಗಿ ತಾಗಿತು. ರೆಂಡರ್ ಮಾತ್ರ ಹೇಳಿಕೊಳ್ಳುವಷ್ಟು ಬೇಗ ಮುಗಿಯಲಿಲ್ಲ.

ಆಮೇಲೆ ಹಿಡಿದದ್ದು ಕರ್ವ್ ಆಪ್ಟಿಮೈಸರ್. ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಎಂಬುದನ್ನು ಕಾರ್ಖಾನೆಯವರು ತುಸು ಉದಾರವಾಗಿಯೇ ಗೊತ್ತುಮಾಡಿರುತ್ತಾರೆ; ಇಲ್ಲಿ ಒಂದೊಂದು ಅಂಕಿ ಇಳಿಸಿದಂತೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆಯಾಗುತ್ತದೆ, ಮೈನಸ್ 30ರವರೆಗೆ ಹೋಗಬಹುದು. ಹಳೆಯ ಮಿತಿಗೇ ಮರಳಿ, ಎಲ್ಲ ಕೋರ್‌ಗಳಿಗೂ ಮೈನಸ್ 20 ಕೊಟ್ಟಾಗ, ವೋಲ್ಟೇಜ್ ಇಳಿದು ಉಳಿದ ವಿದ್ಯುತ್ತು ವೇಗಕ್ಕೆ ಒದಗಿ, ಅದೇ 76 ವ್ಯಾಟ್‌ನಲ್ಲಿ ವೇಗ 4.4ಕ್ಕೆ ಏರಿತು. ನನಗೆ ಬೇಕಿದ್ದದ್ದು ತಂಪು. ಮಿತಿಯನ್ನು 60 ವ್ಯಾಟ್‌ಗೆ ತಗ್ಗಿಸಿದೆ. ವೇಗ ಮೊದಲಿನ 4.2ಕ್ಕೇ ಬಂದು ನಿಂತಿತು, ಉಷ್ಣತೆ 77ಕ್ಕೆ ಇಳಿಯಿತು.

ಎಲ್ಲ ಕೋರ್‌ಗಳನ್ನೂ ದುಡಿಸುವ ಪರೀಕ್ಷಾ ತಂತ್ರಾಂಶ ಸಿನೆಬೆಂಚ್ ಅರ್ಧ ಗಂಟೆ ಅಡ್ಡಿಯಿಲ್ಲದೆ ಓಡಿತು. ಆದರೆ ಮೂರನೆಯ ದಿನ, ಯಾವ ರೆಂಡರೂ ಇಲ್ಲದೆ ಸುಮ್ಮನೆ ಒಂದು ಫೋಲ್ಡರ್ ತೆರೆಯುತ್ತಿದ್ದಾಗ, ಕಂಪ್ಯೂಟರ್ ತಟ್ಟನೆ ರೀಸ್ಟಾರ್ಟ್ ಆಯಿತು. ಬೇಸಿಗೆಯಲ್ಲಿ ಕರೆಂಟನ್ನೇ ಮೊದಲು ಶಂಕಿಸುವುದು ನಮ್ಮ ರೂಢಿಯಾದ್ದರಿಂದ ಯುಪಿಎಸ್ ಬ್ಯಾಟರಿಯ ಹಿಂದೆ ಒಂದು ದಿನ ಕಳೆದೆ. ಕೊನೆಗೆ ವಿಂಡೋಸ್‌ನ ದೋಷಗಳ ದಾಖಲೆಯಾದ ಈವೆಂಟ್ ವ್ಯೂವರ್ ತೆರೆದರೆ, ಹಾರ್ಡ್‌ವೇರ್ ದೋಷವನ್ನು ಸೂಚಿಸುವ ಡಬ್ಲ್ಯುಎಚ್‌ಇಎ-ಲಾಗರ್, ಈವೆಂಟ್ 18, ಅದರ ಕೆಳಗೆ ದೋಷ ಎಲ್ಲಾಯಿತೆಂದು ಹೇಳುವ ಪ್ರೊಸೆಸರ್ ಎಪಿಐಸಿ ಐಡಿ 4 ಎಂದಿತ್ತು. ಈ ಎಣಿಕೆ ಸೊನ್ನೆಯಿಂದ ಶುರುವಾಗಿ ಕೋರ್‌ಗೆ ಎರಡರಂತೆ ಸಾಗುವುದರಿಂದ, 4 ಎಂದರೆ ಮೂರನೆಯ ಕೋರ್.

ಆರೂ ಕೋರ್‌ಗಳು ದುಡಿಯುವಾಗ ಯಾವುದೂ 4.2 ಮೀರುವುದಿಲ್ಲ; ಹಗುರ ಕೆಲಸದಲ್ಲಿಯೇ ಒಂಟಿ ಕೋರ್ 4.6ಕ್ಕೆ ಜಿಗಿಯುತ್ತದೆ, ವೋಲ್ಟೇಜ್ ಸಾಲದೆ ಹೋಗುವುದು ಅಲ್ಲಿ. ಆದ್ದರಿಂದ ನನ್ನ ಅರ್ಧ ಗಂಟೆಯ ಪರೀಕ್ಷೆ ನಿಜವಾದ ಕಷ್ಟದ ಜಾಗವನ್ನು ಮುಟ್ಟಿಯೇ ಇರಲಿಲ್ಲ. ಒಂದೊಂದೇ ಕೋರ್‌ಗೆ ಸರದಿಯಂತೆ ಕೆಲಸ ಕೊಡುವ ಕೋರ್‌ಸೈಕ್ಲರನ್ನು ರಾತ್ರಿಯಿಡೀ ಓಡಿಸಿದಾಗ ಎಡವಿದ್ದು ಅದೇ ಮೂರನೆಯ ಕೋರ್. ಎಎಂಡಿಯದೇ ತಂತ್ರಾಂಶವಾದ ರೈಜೆನ್ ಮಾಸ್ಟರ್‌ನಲ್ಲಿ ಅತ್ಯುತ್ತಮವೆಂದು ನಕ್ಷತ್ರ ಪಡೆದಿದ್ದೂ ಅದೇ. ಒಳ್ಳೆಯ ಕೋರ್‌ಗೆ ಮೊದಲೇ ಕಡಿಮೆ ವೋಲ್ಟೇಜ್ ಇಟ್ಟಿರುವುದರಿಂದ ಇನ್ನಷ್ಟು ಕಡಿತಗೊಳಿಸಲು ಉಳಿದಿರುವುದು ಅಲ್ಪವೇ. ಅದೊಂದನ್ನು ಮೈನಸ್ 8ಕ್ಕೆ ತಂದು ಉಳಿದವನ್ನು 20ರಲ್ಲೇ ಬಿಟ್ಟೆ. ಆ ಮೇಲೆ ಒಂದು ಇಡೀ ಮದುವೆ ಸೀಸನ್ ಕಳೆದಿದೆ, ಈವೆಂಟ್ 18 ಮತ್ತೆ ಬಂದಿಲ್ಲ.