ಐದಕ್ಕೂ ಆರಕ್ಕೂ ನಡುವೆ

ಪಾಲಿಟಿ ಅನ್ನೋ ದತ್ತಾಂಶದಲ್ಲಿ ದೇಶಗಳ ಆಡಳಿತಕ್ಕೆ ಮೈನಸ್ 10ರಿಂದ 10ರವರೆಗೆ ಅಂಕ ಕೊಡುತ್ತಾರೆ. 6 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪ್ರಜಾಪ್ರಭುತ್ವ. 5 ಬಂದರೆ ಅಲ್ಲ. ನಾನು ಪ್ರೋಗ್ರಾಂ ಬರೆಯುವವನು, ರಾಜ್ಯಶಾಸ್ತ್ರ ಓದಿದವನಲ್ಲ. ಆದರೂ ಈ ಗೆರೆ ಕಂಡು ಇರುಸುಮುರುಸಾಯಿತು. ಒಂದೇ ಅಂಕಕ್ಕೆ ಇಡೀ ದೇಶ ಆಚೆ ಬೀಳುತ್ತದೆ ಅಂದರೆ ಹೇಗೆ?

ಕಂಪ್ಯೂಟರ್ ವಿಜ್ಞಾನಿ ಲಾಟ್ಫಿ ಝಾದೆ 1965ರಲ್ಲೇ ಫಜಿ ಗಣಗಳ, ಅಂದರೆ ಅಂಚು ಮಸುಕಾದ ಗುಂಪುಗಳ, ದಾರಿ ತೋರಿಸಿದ್ದರು. ಹೌದಾ, ಅಲ್ವಾ ಅಂತ ಕೇಳಬೇಡಿ. ಎಷ್ಟರ ಮಟ್ಟಿಗೆ ಅಂತ ಕೇಳಿ, 0ರಿಂದ 1ರ ನಡುವೆ ಅಂಕ ಕೊಡಿ. 0.7 ಅಂದರೆ ಪ್ರಜಾಪ್ರಭುತ್ವ ಆಗಿರುವ ಸಾಧ್ಯತೆ ಶೇ 70 ಅಂತಲ್ಲ. (ನಾನೂ ಮೊದಲು ಹಾಗೇ ತಿಳಿದಿದ್ದೆ.) ಆ ದೇಶ ಅಷ್ಟರ ಮಟ್ಟಿಗೆ ಪ್ರಜಾಪ್ರಭುತ್ವ, ಅಷ್ಟೇ.

ದೇಶಗಳಿಗೆ ಹೀಗೆ ಅಂಕ ಕೊಡೋಕೆ ಒಂದು ಎಕ್ಸ್‌ಪರ್ಟ್ ಸಿಸ್ಟಂ, ಅಂದರೆ ವಿಷಯ ಬಲ್ಲವರು ಹೇಳಿದ ನಿಯಮಗಳ ಮೇಲೆ ಉತ್ತರ ಕೊಡುವ ಪ್ರೋಗ್ರಾಂ, ಬರೆಯಲು ಕೂತೆ. ಎಡವಿದ್ದು ಅಂಕ ಕೊಡುವಾಗ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ರೇಗಿನ್ ಅವರ ವಿಧಾನದಲ್ಲಿ ಮೂರು ಗೂಟ ನೆಡಬೇಕು: ಪೂರ್ತಿ ಒಳಗಿರುವುದಕ್ಕೆ 0.95, ಪೂರ್ತಿ ಹೊರಗಿರುವುದಕ್ಕೆ 0.05, ನಡುಗೆರೆಗೆ 0.5. ನಾನು ಸುಮ್ನೆ ಸರಾಸರಿಯ ಮೇಲೆ ನಡುಗೂಟ ನೆಟ್ಟೆ. ಆಮೇಲೊಂದು ದಿನ ಪಟ್ಟಿಗೆ ಇನ್ನಷ್ಟು ದೇಶ ಸೇರಿಸಿದೆ. ನೋಡಿದರೆ ಹಳೆಯ ದೇಶಗಳ ಅಂಕವೆಲ್ಲ ಇಳಿದಿದೆ! ಅಲ್ಲಿ ಚುನಾವಣೆ ರದ್ದಾಗಿರಲಿಲ್ಲ, ಯಾವ ಪತ್ರಿಕೆಯೂ ಮುಚ್ಚಿರಲಿಲ್ಲ. ಹೊಸದಾಗಿ ಬಂದವರ ಅಂಕ ಚೆನ್ನಾಗಿತ್ತು, ಸರಾಸರಿ ಮೇಲೇರಿತ್ತು. ನಡುಗೆರೆ ಎಲ್ಲಿ ಅಂತ ದತ್ತಾಂಶ ಹೇಳುವುದಿಲ್ಲ, ವಿಷಯ ಬಲ್ಲವರನ್ನೇ ಕೇಳಬೇಕು.

ಹಾಗಾಗಿ ರಾಜ್ಯಶಾಸ್ತ್ರ ಕಲಿಸುವ ಮೇಡಂ ಒಬ್ಬರ ಜೊತೆ ಕೂತೆ. ಗೂಟಗಳನ್ನು ಸರಿಪಡಿಸಿ, 'ಇದು ಹೀಗಿದ್ದರೆ ಉತ್ತರ ಹೀಗೆ' ಅನ್ನೋ ನಿಯಮಗಳಿಗೆ ಬಂದೆವು. ಚುನಾವಣೆ, ಪತ್ರಿಕೆ, ನ್ಯಾಯಾಲಯ, ವಿರೋಧ ಪಕ್ಷ. ಒಂದೊಂದಕ್ಕೂ ಕಡಿಮೆ, ಮಧ್ಯಮ, ಹೆಚ್ಚು. ಪ್ರತಿ ಜೋಡಣೆಗೂ ಒಂದು ಅಂತ ಲೆಕ್ಕ ಹಾಕಿದರೆ 81 ನಿಯಮ. ಇಪ್ಪತ್ತು ಮುಗಿಯುವಷ್ಟರಲ್ಲಿ ಇಬ್ಬರಿಗೂ ಸಾಕಾಯಿತು. ಮೊದಲೆರಡನ್ನು ಸೇರಿಸಿ 'ಸ್ಪರ್ಧೆ', ಉಳಿದೆರಡನ್ನು ಸೇರಿಸಿ 'ಕಡಿವಾಣ' ಅಂತ ಮಾಡಿ, ಕೊನೆಗೆ ಅವೆರಡನ್ನೂ ಜೋಡಿಸಿದೆ. ಮೂರು ಕಡೆ ಒಂಬತ್ತೊಂಬತ್ತು, 27ಕ್ಕೆ ಮುಗಿಯಿತು.

ಜಗಳ ಬಂದಿದ್ದು 'ಮತ್ತು' ಅನ್ನೋ ಪದಕ್ಕೆ. ಫಜಿ ಲಾಜಿಕ್‌ನಲ್ಲಿ 'ಮತ್ತು' ಬಂದರೆ ಸಾಮಾನ್ಯವಾಗಿ ಎರಡರಲ್ಲಿ ಚಿಕ್ಕ ಅಂಕ ತೆಗೆದುಕೊಳ್ಳುತ್ತಾರೆ. ಸ್ವಚ್ಛ ಚುನಾವಣೆ 0.9, ಸ್ವತಂತ್ರ ಪತ್ರಿಕೆ 0.2 ಇದ್ದರೆ ಉತ್ತರ 0.2. ಇದು ಅನ್ಯಾಯ, ಸರಾಸರಿ ತೆಗೆದರೆ 0.55 ಬರುತ್ತಲ್ಲ ಅಂದೆ.

"ಅದೇ ತೊಂದರೆ. ಪತ್ರಿಕೆಗಳ ಬಾಯಿ ಮುಚ್ಚಿಸಿದ ಸರ್ಕಾರದವರೂ ನಿಮ್ಮ ಸರಾಸರಿ ಹಿಡಿದು 0.5ರ ಗೆರೆ ದಾಟಿಬಿಡುತ್ತಾರೆ. ಸುದ್ದಿಯೇ ಸಿಗದವರು ಏನು ನೋಡಿ ವೋಟು ಹಾಕೋದು?" ಅಂದರು ಮೇಡಂ.

ಚಿಕ್ಕದನ್ನೇ ಇಟ್ಟುಕೊಂಡೆ.

ಎಕ್ಸ್‌ಪರ್ಟ್ ಸಿಸ್ಟಂನಲ್ಲಿ ನನಗಿಷ್ಟವಾದದ್ದು ಒಂದಿದೆ. ಉತ್ತರ ಯಾಕೆ ಹೀಗೆ ಬಂತು ಅಂತ ಕೇಳಿದರೆ ಯಾವ ನಿಯಮ ಕೆಲಸ ಮಾಡಿತು ಅಂತ ತೋರಿಸುತ್ತದೆ. ಒಂದು ದೇಶಕ್ಕೆ 0.3 ಬಂದಾಗ ಮೇಡಂ ಒಪ್ಪಲೇ ಇಲ್ಲ. ಕೇಳಿದೆವು. 14ನೇ ನಿಯಮ ಬಂತು: ನ್ಯಾಯಾಲಯ ಹೆಚ್ಚು ಮತ್ತು ವಿರೋಧ ಪಕ್ಷ ಮಧ್ಯಮ ಆದರೆ, ಕಡಿವಾಣ ಕಡಿಮೆ.

"ಇದನ್ನು ಬರೆಸಿದ್ದು ಯಾರು?"

"ನೀವೇ, ಮೇಡಂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಹಾಳೆಯಲ್ಲಿದ್ದ 'ಕಡಿಮೆ'ಯನ್ನು ಹೊಡೆದು 'ಮಧ್ಯಮ' ಅಂತ ಬರೆದರು.