ಥಾಯ್ಲೆಂಡಿನ ಡಿಟಿವಿ ವೀಸಾಕ್ಕೆ ಆನ್‌ಲೈನ್ ಅರ್ಜಿ ಸಲ್ಲಿಸುವ ಬಗೆ

ಬೇರೆ ದೇಶದ ಕಂಪನಿಗೆ ದುಡಿಯುತ್ತಲೇ ಥಾಯ್ಲೆಂಡಿನಲ್ಲಿ ಹಲವು ತಿಂಗಳು ನೆಲೆಸಲು ಬಯಸುವವರಿಗಾಗಿ ಅಲ್ಲಿನ ಸರ್ಕಾರ 2024ರ ಜುಲೈ 15ರಿಂದ ‘ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ’ ಎಂಬ ಹೊಸ ವರ್ಗವನ್ನು ಜಾರಿಗೆ ತಂದಿದೆ. ಚಿಕ್ಕದಾಗಿ ಇದನ್ನು ಡಿಟಿವಿ ಎನ್ನುತ್ತಾರೆ. ವೀಸಾದ ಅವಧಿ ಐದು ವರ್ಷ. ಆ ಅವಧಿಯೊಳಗೆ ಎಷ್ಟು ಬಾರಿಯಾದರೂ ಹೋಗಿಬರಬಹುದು, ಪ್ರತಿ ಸಲ ಒಳಹೋದಾಗಲೂ 180 ದಿನಗಳವರೆಗೆ ಉಳಿಯಲು ಅನುಮತಿ ದೊರೆಯುತ್ತದೆ. ಪ್ರವಾಸಿಯಾಗಿ ಹೋಗಿ ಕೋಣೆಯಲ್ಲಿ ಕುಳಿತು ಕಚೇರಿ ಕೆಲಸ ಮಾಡುವ ಅಸ್ಪಷ್ಟ ಸ್ಥಿತಿಗಿಂತ, ಬಂದ ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಹೇಳಿ ಪಡೆಯುವ ಈ ವೀಸಾ ಎಷ್ಟೋ ನೆಮ್ಮದಿಯದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಖ್ಯ ಅರ್ಜಿದಾರರಿಗೆ ಕನಿಷ್ಠ 20 ವರ್ಷ ತುಂಬಿರಬೇಕು ಮತ್ತು ಅರ್ಜಿಯ ಸಮಯದಲ್ಲಿ ಅವರು ಥಾಯ್ಲೆಂಡಿನ ಹೊರಗಿರಬೇಕು. ದೂರದಿಂದ ಕೆಲಸ ಮಾಡುವ ನೌಕರರು ಹಾಗೂ ಫ್ರೀಲಾನ್ಸರುಗಳು ಒಂದು ಗುಂಪು. ಮುವಾಯ್ ಥಾಯ್ (ಥಾಯ್ ಬಾಕ್ಸಿಂಗ್) ತರಬೇತಿ, ಥಾಯ್ ಅಡುಗೆ ಕಲಿಕೆ, ವೈದ್ಯಕೀಯ ಚಿಕಿತ್ಸೆ ಮುಂತಾದವುಗಳಿಗಾಗಿ ಬರುವವರು ಇನ್ನೊಂದು ಗುಂಪು. ಇವರ ಪತಿ ಅಥವಾ ಪತ್ನಿ ಹಾಗೂ 20 ವರ್ಷದೊಳಗಿನ ಮಕ್ಕಳು ಮೂರನೆಯ ಗುಂಪು. ಈ ಲೇಖನ ಮೊದಲ ಗುಂಪಿನವರನ್ನು ಉದ್ದೇಶಿಸಿದ್ದು. ಒಂದು ಮಾತನ್ನು ಆರಂಭದಲ್ಲೇ ಸ್ಪಷ್ಟಪಡಿಸಬೇಕು. ಈ ವೀಸಾ ಥಾಯ್ ಕಂಪನಿಯಲ್ಲಿ ಕೆಲಸಕ್ಕೆ ಸೇರಲು ಅವಕಾಶ ಕೊಡುವುದಿಲ್ಲ. ಸಂಬಳ ಕೊಡುವವರು ಥಾಯ್ಲೆಂಡಿನ ಹೊರಗಿನವರೇ ಆಗಿರಬೇಕು. ಅಲ್ಲಿನ ಸಂಸ್ಥೆಗೆ ದುಡಿಯಬೇಕೆಂದರೆ ವರ್ಕ್ ಪರ್ಮಿಟ್ ಬೇಕಾಗುತ್ತದೆ, ಅದರ ದಾರಿಯೇ ಬೇರೆ.

2025ರ ಜನವರಿ 1ರಿಂದ ಜಗತ್ತಿನ ಎಲ್ಲ ಥಾಯ್ ರಾಯಭಾರ ಕಚೇರಿಗಳೂ ಇ-ವೀಸಾ ವ್ಯವಸ್ಥೆಗೆ ಸೇರಿಕೊಂಡಿರುವುದರಿಂದ ಅರ್ಜಿಯನ್ನು ಥಾಯ್ ವಿದೇಶಾಂಗ ಸಚಿವಾಲಯದ ಇ-ವೀಸಾ ಜಾಲತಾಣದಲ್ಲೇ ಸಲ್ಲಿಸಬೇಕು. ಥಾಯ್ ಸರ್ಕಾರಿ ಜಾಲತಾಣಗಳ ವಿಳಾಸ ‘ಡಾಟ್ ಗೋ ಡಾಟ್ ಟಿಎಚ್’ (.go.th) ಎಂದು ಕೊನೆಗೊಳ್ಳುತ್ತದೆ. ಸರ್ಚ್ ಮಾಡಿದಾಗ ಮೇಲೆ ಕಾಣುವ ಜಾಹೀರಾತುಗಳಲ್ಲಿ ಸರ್ಕಾರಿ ತಾಣದಂತೆಯೇ ತೋರುವ ಖಾಸಗಿ ತಾಣಗಳೂ ಇರಬಹುದು. ಪಾಸ್‌ಪೋರ್ಟ್ ಪ್ರತಿಯನ್ನು ಎಲ್ಲಿಯಾದರೂ ಅಪ್‌ಲೋಡ್ ಮಾಡುವ ಮುನ್ನ ವಿಳಾಸದ ಕೊನೆಯ ಭಾಗವನ್ನು ಓದಿ ಖಚಿತಪಡಿಸಿಕೊಳ್ಳಿ.

ಆದರೆ ಖಾತೆ ತೆರೆಯುವುದಕ್ಕೆ ಆತುರ ಬೇಡ. ಫಾರ್ಮ್ ತುಂಬುವುದು ಒಂದು ಗಂಟೆಯ ಕೆಲಸ, ಅದಕ್ಕೆ ಲಗತ್ತಿಸಬೇಕಾದ ಕಾಗದಪತ್ರಗಳನ್ನು ಹೊಂದಿಸುವುದಕ್ಕೆ ವಾರಗಳು ಬೇಕು. ನಿಮ್ಮ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗೆ ನಿಮ್ಮ ಪರಿಚಯವಿರುವುದಿಲ್ಲ, ನಿಮ್ಮ ಕೆಲಸದ ಸ್ವರೂಪವೂ ಗೊತ್ತಿರುವುದಿಲ್ಲ. ನೀವು ಯಾರು, ಈಗ ಎಲ್ಲಿದ್ದೀರಿ, ನಿಮಗೆ ಹಣ ಎಲ್ಲಿಂದ ಬರುತ್ತದೆ, ಆ ಕೆಲಸವನ್ನು ದೂರದಿಂದ ಮಾಡಲು ನಿಮಗೆ ಅನುಮತಿ ಇದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ನೀವು ಕಳುಹಿಸಿದ ಕಡತಗಳೇ ಉತ್ತರ ಹೇಳಬೇಕು ಮತ್ತು ಆ ಉತ್ತರಗಳು ಒಂದಕ್ಕೊಂದು ತಾಳೆಯಾಗಬೇಕು. ಈ ತಾಳೆಯ ವಿಷಯಕ್ಕೆ ಎಷ್ಟು ಗಮನ ಕೊಟ್ಟರೂ ಹೆಚ್ಚಾಗುವುದಿಲ್ಲ.

ಮೊದಲಿಗೆ ಹಣದ ದಾಖಲೆ. ಕನಿಷ್ಠ 5,00,000 ಬಹ್ತ್ ಅಥವಾ ಅದಕ್ಕೆ ಸಮನಾದ ಬೇರೆ ಕರೆನ್ಸಿಯ ಮೊತ್ತ ನಿಮ್ಮ ಬಳಿ ಇದೆಯೆಂದು ತೋರಿಸಬೇಕು. ವಿನಿಮಯ ದರ ದಿನದಿನಕ್ಕೂ ಬದಲಾಗುವುದರಿಂದ ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಮೊತ್ತ ಇಟ್ಟುಕೊಂಡವರು, ಅರ್ಜಿ ಪರಿಶೀಲನೆಗೆ ಬರುವ ದಿನ ಕೆಲವು ಸಾವಿರ ಬಹ್ತ್ ಕೊರತೆಯಲ್ಲಿರುವ ಸಾಧ್ಯತೆ ಇದೆ. ಆದ್ದರಿಂದ ಹತ್ತು ಶೇಕಡಾದಷ್ಟಾದರೂ ಹೆಚ್ಚು ಇರಲಿ. ಎಷ್ಟು ತಿಂಗಳ ಸ್ಟೇಟ್‌ಮೆಂಟ್ ಬೇಕೆಂಬುದು ಒಂದೊಂದು ರಾಯಭಾರ ಕಚೇರಿಗೆ ಒಂದೊಂದು ರೀತಿಯಲ್ಲಿರುತ್ತದೆ, ಕೆಲವರು ಮೂರು ತಿಂಗಳದ್ದು ಕೇಳುತ್ತಾರೆ, ಕೆಲವರು ಆರು ತಿಂಗಳದ್ದು. ಆರು ತಿಂಗಳದ್ದನ್ನೇ ಸಿದ್ಧಪಡಿಸಿಕೊಂಡರೆ ಎರಡಕ್ಕೂ ಆಗುತ್ತದೆ. ಉಳಿತಾಯ ಖಾತೆಯಲ್ಲಿ ತಿಂಗಳುಗಟ್ಟಲೆ ನಿಂತಿರುವ ಹಣ ತಾನಾಗಿಯೇ ಮಾತನಾಡುತ್ತದೆ. ಅರ್ಜಿಗೆ ನಾಲ್ಕು ದಿನ ಮುಂಚೆ ಒಮ್ಮೆಲೇ ಬಂದು ಬಿದ್ದ ದೊಡ್ಡ ಮೊತ್ತವಾದರೆ ಅದು ಎಲ್ಲಿಂದ ಬಂತೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಹಾಗೆ ಬಂದಿರುವುದಕ್ಕೆ ನ್ಯಾಯವಾದ ಕಾರಣವಿದ್ದರೆ, ಉದಾಹರಣೆಗೆ ಅವಧಿ ಮುಗಿದ ಠೇವಣಿ ಖಾತೆಗೆ ಜಮೆಯಾಗಿದ್ದರೆ, ಆ ಠೇವಣಿಯ ರಸೀದಿಯನ್ನೂ ಜೊತೆಗಿಡಿ.

ಇನ್ನು ಕೆಲಸದ ದಾಖಲೆ. ನೌಕರಿಯಲ್ಲಿರುವವರು ನೇಮಕಾತಿ ಒಪ್ಪಂದದ ಜೊತೆಗೆ ಕಂಪನಿಯಿಂದ ಹೊಸದಾಗಿ ಬರೆಸಿಕೊಂಡ ಪತ್ರವೊಂದನ್ನು ಲಗತ್ತಿಸುವುದು ಒಳ್ಳೆಯದು. ನೀವು ಅಲ್ಲಿ ಕೆಲಸ ಮಾಡುತ್ತಿದ್ದೀರೆಂದಷ್ಟೇ ಹೇಳುವ ಎರಡು ಸಾಲಿನ ಸಾಮಾನ್ಯ ಪತ್ರ ಇಲ್ಲಿ ಸಾಲದು. ಕಂಪನಿಯ ಲೆಟರ್‌ಹೆಡ್ ಮೇಲೆ ನಿಮ್ಮ ಹುದ್ದೆ, ಸೇರಿದ ದಿನಾಂಕ, ಸಂಬಳ, ಇಂಥ ಅವಧಿಯಲ್ಲಿ ಥಾಯ್ಲೆಂಡಿನಿಂದ ಕೆಲಸ ಮಾಡಲು ಕಂಪನಿಯ ಒಪ್ಪಿಗೆ ಇದೆಯೆಂಬ ನೇರ ವಾಕ್ಯ, ಸಹಿ ಮಾಡಿದವರ ಹೆಸರು, ಹುದ್ದೆ ಹಾಗೂ ಸಂಪರ್ಕ ವಿವರ, ಇವಿಷ್ಟೂ ಇರಲಿ. ಪತ್ರದಲ್ಲಿ ಬರೆದ ಸಂಬಳ, ಸಂಬಳದ ಚೀಟಿಯಲ್ಲಿರುವ ಮೊತ್ತ, ಬ್ಯಾಂಕಿಗೆ ಜಮೆಯಾದ ಮೊತ್ತ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೀವೇ ಒಮ್ಮೆ ನೋಡಿ. ಕಡಿತಗಳಿಂದಾಗಿ ವ್ಯತ್ಯಾಸವಿದ್ದರೆ ಅದು ಸಂಬಳದ ಚೀಟಿಯಲ್ಲಿ ಕಾಣಬೇಕು.

ಫ್ರೀಲಾನ್ಸರುಗಳ ಕೆಲಸ ಸ್ವಲ್ಪ ಹೆಚ್ಚು. ಅವರ ಪರವಾಗಿ ಮಾತನಾಡುವ ಒಂದೇ ಕಂಪನಿ ಇಲ್ಲದಿರುವುದರಿಂದ ಗ್ರಾಹಕರೊಂದಿಗಿನ ಒಪ್ಪಂದಗಳು, ಇನ್‌ವಾಯ್ಸ್‌ಗಳು, ಮಾಡಿದ ಕೆಲಸದ ಪೋರ್ಟ್‌ಫೋಲಿಯೊ ಎಲ್ಲವೂ ಸೇರಿ ಆ ಜಾಗವನ್ನು ತುಂಬಬೇಕು. ಇನ್‌ವಾಯ್ಸ್‌ನಲ್ಲಿ 1,000 ಡಾಲರ್ ಎಂದಿದ್ದು, ಬ್ಯಾಂಕ್ ಶುಲ್ಕ ಕಳೆದು ಬೇರೆ ಕರೆನ್ಸಿಯಲ್ಲಿ ಜಮೆಯಾದ ಮೊತ್ತ ಸ್ಟೇಟ್‌ಮೆಂಟಿನಲ್ಲಿ ಬೇರೆಯೇ ಅಂಕಿಯಾಗಿ ಕಾಣುವುದು ತೀರಾ ಸಾಮಾನ್ಯ. ನೋಡುವವರಿಗೆ ಎರಡೂ ಒಂದೇ ವ್ಯವಹಾರವೆಂದು ತಿಳಿಯುವುದು ಹೇಗೆ? ಒಂದು ಪುಟದಲ್ಲಿ ಇನ್‌ವಾಯ್ಸ್ ಸಂಖ್ಯೆ, ಅದರ ದಿನಾಂಕ, ಗ್ರಾಹಕರ ಹೆಸರು, ಹಣ ಜಮೆಯಾದ ದಿನ, ಜಮೆಯಾದ ಮೊತ್ತ ಎಂಬ ಕೋಷ್ಟಕ ಮಾಡಿ ಆರು ತಿಂಗಳ ವ್ಯವಹಾರವನ್ನು ಬರೆದು, ಅದನ್ನು ಇನ್‌ವಾಯ್ಸ್‌ಗಳ ಮೊದಲ ಪುಟವಾಗಿ ಸೇರಿಸಿ. ಯಾವ ನಿಯಮವೂ ಇದನ್ನು ಕೇಳುವುದಿಲ್ಲ, ಆದರೆ ಪರಿಶೀಲಿಸುವವರ ಶ್ರಮವನ್ನು ಇದರಷ್ಟು ಹಗುರ ಮಾಡುವ ಪುಟ ಇನ್ನೊಂದಿಲ್ಲ.

ಮೂರನೆಯದು, ನೀವು ಈಗ ಇರುವ ಸ್ಥಳದ ದಾಖಲೆ. ಇದನ್ನು ಬಹಳ ಮಂದಿ ಹಗುರವಾಗಿ ನೋಡುತ್ತಾರೆ. ಪ್ರತಿ ರಾಯಭಾರ ಕಚೇರಿಗೂ ಅದರದೇ ವ್ಯಾಪ್ತಿ ಇರುತ್ತದೆ. ಫಾರ್ಮಿನಲ್ಲಿ ನೀವು ಯಾವ ದೇಶದಲ್ಲಿದ್ದೇನೆಂದು ಬರೆಯುತ್ತೀರೋ ಅದಕ್ಕೆ ಸಂಬಂಧಿಸಿದ ಕಚೇರಿಗೆ ಅರ್ಜಿ ಹೋಗುತ್ತದೆ ಮತ್ತು ನೀವು ನಿಜವಾಗಿಯೂ ಅಲ್ಲೇ ಇದ್ದೀರೆಂಬುದಕ್ಕೆ ಪುರಾವೆ ಬೇಕಾಗುತ್ತದೆ. ಸ್ವಂತ ದೇಶದಲ್ಲಿರುವವರಿಗೆ ವಿಳಾಸವಿರುವ ಗುರುತಿನ ಚೀಟಿ ಅಥವಾ ಮನೆಯ ಬಿಲ್ಲು, ಮತ್ತೊಂದು ದೇಶದಲ್ಲಿರುವವರಿಗೆ ಅಲ್ಲಿನ ನಿವಾಸ ಪರವಾನಗಿ ಅಥವಾ ಪ್ರವೇಶದ ಮುದ್ರೆ ಬಿದ್ದ ಪಾಸ್‌ಪೋರ್ಟ್ ಪುಟ ಈ ಕೆಲಸ ಮಾಡುತ್ತದೆ. ಸಂಬಂಧಪಟ್ಟ ಕಚೇರಿಯ ಜಾಲತಾಣದಲ್ಲಿ ಡಿಟಿವಿ ಕುರಿತ ಪುಟವನ್ನು ಪೂರ್ತಿಯಾಗಿ ಓದಿ. ಅಲ್ಲಿನ ವಾಸಿಗಳ ಅರ್ಜಿಯನ್ನು ಮಾತ್ರ ಸ್ವೀಕರಿಸುವ ಕಚೇರಿಗಳೂ ಇವೆ, ಹೋಗುವ ಟಿಕೆಟ್ ಮತ್ತು ತಂಗುವ ಸ್ಥಳದ ವಿವರ ಕೇಳುವ ಕಚೇರಿಗಳೂ ಇವೆ. ಫಲಿತಾಂಶ ಬರುವವರೆಗೆ ಆ ದೇಶ ಬಿಟ್ಟು ಹೊರಡದಿರುವುದು ಕ್ಷೇಮ.

ಹೆಸರಿನ ವಿಚಾರದಲ್ಲಿ ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕಾದ ಮಾತಿದೆ. ನಮ್ಮಲ್ಲಿ ಅನೇಕರ ಹೆಸರು ಬ್ಯಾಂಕಿನಲ್ಲಿ ಇನಿಷಿಯಲ್‌ಗಳೊಂದಿಗೆ, ಪಾಸ್‌ಪೋರ್ಟಿನಲ್ಲಿ ಊರು ಅಥವಾ ತಂದೆಯ ಹೆಸರು ಬಿಡಿಸಿ ಬರೆದ ರೂಪದಲ್ಲಿ, ಕಂಪನಿಯಲ್ಲಿ ಮೂರನೆಯ ಬಗೆಯಲ್ಲಿ ಇರುತ್ತದೆ. ನಮಗೆ ಇದು ದಿನನಿತ್ಯದ ಸಂಗತಿಯಾದರೂ ಹೊರಗಿನವರಿಗೆ ಮೂವರು ಬೇರೆಬೇರೆ ವ್ಯಕ್ತಿಗಳಂತೆ ಕಾಣಬಹುದು. ಫಾರ್ಮಿನಲ್ಲಿ ಪಾಸ್‌ಪೋರ್ಟಿನ ಅಕ್ಷರಗಳನ್ನೇ ಬಳಸಿ, ಕಂಪನಿಯ ಪತ್ರವನ್ನು ಪಾಸ್‌ಪೋರ್ಟಿನ ಹೆಸರಿನಲ್ಲೇ ಬರೆಸಿ ಅದರಲ್ಲಿ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಸೇರಿಸಿಸಿ. ಸಾಧ್ಯವಾದರೆ ಬ್ಯಾಂಕಿನಲ್ಲಿಯೂ ಹೆಸರನ್ನು ಮುಂಚೆಯೇ ಸರಿಪಡಿಸಿಕೊಳ್ಳಿ.

ಇಷ್ಟಾದ ಮೇಲೆ ಫಾರ್ಮ್ ಸುಲಭ. ಇಮೇಲ್ ಕೊಟ್ಟು ಖಾತೆ ತೆರೆದು, ಇರುವ ದೇಶ, ರಾಷ್ಟ್ರೀಯತೆ, ಪ್ರಯಾಣದ ಉದ್ದೇಶ ಆರಿಸಿಕೊಂಡು ಮುಂದುವರಿಯಬೇಕು. ಪಾಸ್‌ಪೋರ್ಟಿನ ಮಾಹಿತಿ ಪುಟದ ಸ್ಕ್ಯಾನ್ ಪ್ರತಿಯಲ್ಲಿ ನಾಲ್ಕು ಮೂಲೆಗಳೂ, ಕೆಳಗಿನ ಎರಡು ಸಾಲು ಸಂಕೇತಾಕ್ಷರಗಳೂ ಸ್ಪಷ್ಟವಾಗಿ ಕಾಣಬೇಕು. ಫೋಟೊ ಆರು ತಿಂಗಳೊಳಗೆ ತೆಗೆಸಿದ್ದಾಗಿರಬೇಕು. ಇಂಗ್ಲಿಷ್ ಅಥವಾ ಥಾಯ್ ಭಾಷೆಯಲ್ಲಿ ಇಲ್ಲದ ದಾಖಲೆಗೆ ಭಾಷಾಂತರ ಲಗತ್ತಿಸಿ. ಒಂದು ವಿಷಯಕ್ಕೆ ಸೇರಿದ ಹಾಳೆಗಳನ್ನೆಲ್ಲ ಒಂದೇ ಪಿಡಿಎಫ್ ಆಗಿ ಜೋಡಿಸಿ, ಗಾತ್ರ ಕುಗ್ಗಿಸಿದ ಮೇಲೂ ಅಕ್ಷರಗಳು ಓದಲು ಬರುತ್ತವೆಯೇ ಎಂದು ತೆರೆದು ನೋಡಿ. ಪಾಸ್‌ಪೋರ್ಟಿನ ಅವಧಿ ಮುಗಿಯುವ ಹಂತದಲ್ಲಿದ್ದರೆ ಮೊದಲು ಅದನ್ನು ನವೀಕರಿಸಿಕೊಂಡು ಆಮೇಲೆ ಈ ಕೆಲಸಕ್ಕೆ ಕೈ ಹಾಕಿ.

ಶುಲ್ಕದ ಮೂಲ ದರ 10,000 ಬಹ್ತ್. ಆಯಾ ರಾಯಭಾರ ಕಚೇರಿ ಅದನ್ನು ಸ್ಥಳೀಯ ಕರೆನ್ಸಿಯಲ್ಲಿ ಸಂಗ್ರಹಿಸುವುದರಿಂದ ನೀವು ಕಟ್ಟುವ ಮೊತ್ತ ಬೇರೆಯಾಗಬಹುದು. ಅರ್ಜಿ ತಿರಸ್ಕೃತವಾದರೂ ಈ ಹಣ ವಾಪಸ್ ಬರುವುದಿಲ್ಲ. ಕುಟುಂಬದ ಪ್ರತಿ ಸದಸ್ಯರಿಗೂ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ ಇರುತ್ತದೆ. ಮದುವೆಯ ಪ್ರಮಾಣಪತ್ರ ಮತ್ತು ಮಕ್ಕಳ ಜನನ ಪ್ರಮಾಣಪತ್ರ ಅವುಗಳ ಜೊತೆ ಹೋಗಬೇಕು. ಹಣ ಕಟ್ಟಿದ ಬಳಿಕ ತಿದ್ದುಪಡಿಗೆ ಅವಕಾಶ ಸಿಗುತ್ತದೆಂದು ನಂಬಿಕೊಳ್ಳದೆ, ಕಟ್ಟುವ ಮುನ್ನ ಜನ್ಮದಿನಾಂಕ ಮತ್ತು ಪಾಸ್‌ಪೋರ್ಟ್ ಸಂಖ್ಯೆಯನ್ನು ಅಕ್ಷರ ಅಕ್ಷರವಾಗಿ ಓದಿ.

ಹೆಚ್ಚುವರಿ ದಾಖಲೆ ಬೇಕೆಂದು ಅಧಿಕಾರಿಗಳು ಕೇಳಿದರೆ ಗಾಬರಿಯಾಗಬೇಕಿಲ್ಲ, ಕೇಳಿದ್ದನ್ನು ಬೇಗನೆ ಒದಗಿಸಿದರಾಯಿತು. ಅಂಥ ಸಂದೇಶ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬಿದ್ದಿರಬಹುದು, ಹಾಗಾಗಿ ಜಾಲತಾಣದ ಖಾತೆಯಲ್ಲೂ ಆಗಾಗ ಸ್ಥಿತಿಯನ್ನು ನೋಡುತ್ತಿರಿ. ಹಣ ವಾಪಸ್ ಬಾರದ ಟಿಕೆಟ್ಟನ್ನು ವೀಸಾ ಕೈಗೆ ಬರುವ ಮುನ್ನ ಕೊಳ್ಳಬೇಡಿ. ಮಂಜೂರಾದ ವೀಸಾ ಇಮೇಲ್ ಮೂಲಕ ಬರುತ್ತದೆ. ಅದನ್ನು ಮುದ್ರಿಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ.

ಹೊರಡುವ ಮುನ್ನ ಇನ್ನೊಂದು ಕೆಲಸವಿದೆ. 2025ರ ಮೇ 1ರಿಂದ ಎಲ್ಲ ವಿದೇಶಿಯರೂ ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡನ್ನು ಆಗಮನಕ್ಕೆ ಮೊದಲಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ಇದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ.

ಅಲ್ಲಿ ಇಳಿದ ಮೇಲೆ ವಲಸೆ ಅಧಿಕಾರಿ ಹಾಕುವ ಮುದ್ರೆಯಲ್ಲಿನ ದಿನಾಂಕವನ್ನು ಕೌಂಟರಿನಿಂದ ಸರಿಯುವ ಮುನ್ನವೇ ನೋಡಿ. ವೀಸಾ ಐದು ವರ್ಷದ್ದಾದರೂ ನೀವು ಉಳಿಯಬಹುದಾದ ಕೊನೆಯ ದಿನವನ್ನು ಹೇಳುವುದು ಆ ಮುದ್ರೆ ಮಾತ್ರ. ಮನೆಯ ಮಾಲೀಕರು ಅಥವಾ ಹೋಟೆಲಿನವರು ನೀವು ಬಂದ 24 ಗಂಟೆಗಳೊಳಗೆ ನೀವು ತಂಗಿರುವ ವಿಳಾಸ ತಿಳಿಸುವ ಟಿಎಂ 30 ಎಂಬ ಮಾಹಿತಿಯನ್ನು ವಲಸೆ ಇಲಾಖೆಗೆ ಕೊಡಬೇಕು. ಬಾಡಿಗೆ ಮನೆ ಹಿಡಿಯುವಾಗಲೇ ಅದನ್ನು ಮಾಡುತ್ತಾರೆಯೇ ಎಂದು ಕೇಳಿಕೊಳ್ಳಿ. ಸತತವಾಗಿ 90 ದಿನ ಮೀರಿ ಉಳಿಯುವವರು ತಮ್ಮ ವಿಳಾಸವನ್ನು ಇಲಾಖೆಗೆ ವರದಿ ಮಾಡಬೇಕು. ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಅಲ್ಲಿದ್ದವರನ್ನು ಥಾಯ್ ಕಾನೂನು ತೆರಿಗೆಯ ನಿವಾಸಿಗಳೆಂದು ಪರಿಗಣಿಸುತ್ತದೆ, ಆದ್ದರಿಂದ ಅಷ್ಟು ಕಾಲ ಇರುವ ಯೋಚನೆಯಿದ್ದವರು ತೆರಿಗೆ ಸಲಹೆಗಾರರನ್ನು ಮೊದಲೇ ಕಾಣಬೇಕು. ಮುದ್ರೆಯ ದಿನಾಂಕ ಮೀರಿದರೆ ದಿನಕ್ಕೆ 500 ಬಹ್ತ್‌ನಂತೆ ಗರಿಷ್ಠ 20,000 ಬಹ್ತ್‌ವರೆಗೆ ದಂಡ ಬೀಳುತ್ತದೆ, 90 ದಿನಕ್ಕಿಂತ ಹೆಚ್ಚು ಮೀರಿದವರಿಗೆ ಮರುಪ್ರವೇಶದ ನಿಷೇಧವೂ ಇದೆ. ಆ ದಿನಾಂಕಕ್ಕಿಂತ ಸಾಕಷ್ಟು ಮುಂಚೆ ದೇಶದಿಂದ ಹೊರಟು ಹೊಸ ಪ್ರವೇಶ ಪಡೆಯಬೇಕು, ಇಲ್ಲವೇ ವಲಸೆ ಕಚೇರಿಯಲ್ಲಿ ವಿಸ್ತರಣೆ ಕೇಳಬೇಕು. ವಿಸ್ತರಣೆ ಕೊಡುವುದು ಅಲ್ಲಿನ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.